ಅಜ್ಜನ ಆಲ್ಬಂನಲ್ಲಿ ನೇಣುಗಂಬ

ನಿಮ್ಮ ಮನೆ ಅಟ್ಟದ ಮೇಲೆ ಒಂದು ಹಳೇ ಟ್ರಂಕು ಇದೆ ಅಂದ್ಕೊಳ್ಳಿ. ಅಜ್ಜ ತೀರಿಕೊಂಡು ವರ್ಷವಾಯ್ತು. ಮನೆ ಮಾರಬೇಕು, ಸಾಮಾನು ಖಾಲಿ ಮಾಡಬೇಕು. ಟ್ರಂಕು ತೆಗೆದರೆ ಒಳಗೊಂದು ಆಲ್ಬಂ. ಮೊದಲ ಪುಟದಲ್ಲಿ ಹಡಗು. ಎರಡನೇ ಪುಟದಲ್ಲಿ ಅಜ್ಜ. ಇಪ್ಪತ್ತೆರಡರ ಹುಡುಗ, ಸೈನ್ಯದ ಬಟ್ಟೆ, ಮುಖದ ತುಂಬಾ ನಗು. ಮೂರನೇ ಪುಟದಲ್ಲಿ ಒಂಟೆ. ನಾಲ್ಕರಲ್ಲಿ ಗೆಳೆಯರ ಜೊತೆ ಊಟ. ಐದನೇ ಪುಟ ತಿರುವುತ್ತೀರಿ. ಅಲ್ಲೊಂದು ನೇಣುಗಂಬ. ಮೂರು ಹೆಣ ತೂಗುತ್ತಿವೆ. ಪಕ್ಕದಲ್ಲಿ ಅದೇ ಅಜ್ಜ. ಅದೇ ನಗು.

ಏನು ಮಾಡ್ತೀರಿ? ಸುಡ್ತೀರಾ? ಮುಚ್ಚಿಡ್ತೀರಾ? ಮಾರಿ ಕೈತೊಳ್ಕೊಳ್ತೀರಾ?

ಇಟಲಿಯಲ್ಲಿ ಎಷ್ಟೋ ಕುಟುಂಬಗಳು ಈ ಪ್ರಶ್ನೆ ಎದುರಿಸಿವೆ. ಎಷ್ಟೋ ಕುಟುಂಬಗಳು ಮೂರನೇ ದಾರಿ ಹಿಡಿದಿವೆ. ಅದಕ್ಕೇ ಆ ಆಲ್ಬಂಗಳು ಇವತ್ತು ಸಂತೆಯಲ್ಲಿವೆ. ಕೊಳ್ಳುವವರೂ ಇದ್ದಾರೆ.

ಕೆಲವು ವರ್ಷಗಳ ಹಿಂದೆ ರಜೆ ಹಾಕಿ ರೋಮ್‌ಗೆ ಹೋಗಿದ್ದೆ. ಅಲ್ಲಿ ಪೋರ್ತಾ ಪೋರ್ತೇಸೆ ಅಂತ ಒಂದು ಜಾಗ. ಪ್ರತಿ ಭಾನುವಾರ ಸಂತೆ ಸೇರುತ್ತೆ. ನಮ್ಮ ಬೆಂಗಳೂರಿನ ಸಂಡೇ ಬಜಾರ್ ನೋಡಿದವರಿಗೆ ವಿವರಿಸೋದೇ ಬೇಡ. ಹಳೇ ಬೂಟು, ನಲ್ಲಿ, ಗಡಿಯಾರ, ಶಿಲುಬೆ, ಚಮಚ. ಅದರ ಮಧ್ಯೆ ಒಬ್ಬ ವ್ಯಾಪಾರಿ ಹಳೇ ಫೋಟೋ ಹರಡಿಕೊಂಡು ಕೂತಿದ್ದ. ನಾನು ಕೈ ಹಾಕಿದ್ದು ಒಂದು ದಪ್ಪ ರಟ್ಟಿನ ಆಲ್ಬಂಗೆ. ಮೇಲೆ ಮೂರು ಅಕ್ಷರ: ಎ.ಒ.ಐ. ಅಂದ್ರೆ ಇಟಾಲಿಯನ್ ಪೂರ್ವ ಆಫ್ರಿಕಾ. 1936ರಲ್ಲಿ ಮುಸೊಲಿನಿ ಇಥಿಯೋಪಿಯಾ, ಎರಿಟ್ರಿಯಾ, ಸೊಮಾಲಿಯಾ ಮೂರನ್ನೂ ಸೇರಿಸಿ ಕಟ್ಟಿದ ಸಾಮ್ರಾಜ್ಯದ ಹೆಸರು ಅದು. ಐದೇ ವರ್ಷ ಬಾಳಿದ ಸಾಮ್ರಾಜ್ಯ.

ಬೆಲೆ ಕೇಳಿದೆ. ಆತ ನನ್ನನ್ನೇ ತಿರುಗಿ ಕೇಳಿದ: "ಇಡೀದು ಬೇಕಾ, ಬಿಡಿ ಬೇಕಾ?"

ಬಿಡಿ ಅಂದ್ರೆ? ಪುಟ ಪುಟ ತೋರಿಸಿದ. ಬೆಟ್ಟ, ಹಳ್ಳ, ಸೇತುವೆ ಇದ್ದ ಫೋಟೋಗೆ ಚಿಲ್ಲರೆ ಕಾಸು. ಟ್ಯಾಂಕು, ವಿಮಾನ ಇದ್ದರೆ ಅದಕ್ಕಿಂತ ಜಾಸ್ತಿ. ಬೆತ್ತಲೆ ಹೆಂಗಸಿನ ಫೋಟೋಗೆ ಇನ್ನೂ ಜಾಸ್ತಿ. ನೇಣುಗಂಬಕ್ಕೆ ಎಲ್ಲಕ್ಕಿಂತ ಜಾಸ್ತಿ. ಮಾಂಸದಂಗಡಿಯಲ್ಲಿ ತೊಡೆಗೊಂದು ರೇಟು, ಪಕ್ಕೆಗೊಂದು ರೇಟು ಇರುತ್ತಲ್ಲ, ಹಾಗೆ. ನನಗೆ ಹೊಟ್ಟೆ ತೊಳಸಿತು. "ಯೋಚನೆ ಮಾಡ್ತೀನಿ" ಅಂತ ಹೇಳಿ ಕಾಫಿ ಕುಡಿಯೋಕೆ ಹೋದೆ. ಅದು ನಾನು ಮಾಡಿದ ತಪ್ಪು. ಆ ಕಥೆಗೆ ಕೊನೆಯಲ್ಲಿ ಬರ್ತೀನಿ.

ಮೊದಲು ಇದನ್ನು ಕೇಳಿ. ಇಟಲಿಗೂ ಆಫ್ರಿಕಾಕ್ಕೂ ಏನು ಸಂಬಂಧ? ವಸಾಹತು ಅಂದ ಕೂಡಲೇ ನಮಗೆ ನೆನಪಾಗೋದು ಬ್ರಿಟನ್, ಫ್ರಾನ್ಸ್, ಪೋರ್ಚುಗಲ್. ಇಟಲಿ ಅಂದ್ರೆ ಪಿಜ್ಜಾ, ಪ್ಯಾಷನ್, ಫೆರಾರಿ. ಆದ್ರೆ ಅವರಿಗೂ ಸಾಮ್ರಾಜ್ಯದ ಹಸಿವಿತ್ತು. ಪಂಕ್ತಿಗೆ ತಡವಾಗಿ ಬಂದವರು. ಊಟ ಮುಗಿಯುತ್ತಿದೆ, ಎಲೆ ಸಿಕ್ಕಿಲ್ಲ. 1896ರ ಮಾರ್ಚ್ 1ರಂದು ಇಥಿಯೋಪಿಯಾದ ಅದ್ವಾ ಎಂಬಲ್ಲಿ ಚಕ್ರವರ್ತಿ ಎರಡನೇ ಮೆನೆಲಿಕ್‌ನ ಸೈನ್ಯ ಇವರನ್ನು ಬಗ್ಗುಬಡಿಯಿತು. ಆಫ್ರಿಕಾದ ಒಂದು ದೇಶ ಯುರೋಪಿನ ಸೈನ್ಯವನ್ನು ಧೂಳು ಮುಕ್ಕಿಸಿದ ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಆ ಅವಮಾನ ಇಟಲಿಯ ಎದೆಯಲ್ಲಿ 40 ವರ್ಷ ಕುದಿಯಿತು.

1911ರಲ್ಲಿ ಇಟಲಿ ತುರ್ಕರ ಕೈಲಿದ್ದ ಲಿಬಿಯಾ ಮೇಲೆ ಬಿತ್ತು. ಆ ವರ್ಷ ನವೆಂಬರ್ 1ರಂದು ಜೂಲಿಯೊ ಗವೊತ್ತಿ ಎಂಬ ಪೈಲಟ್ ವಿಮಾನದಿಂದ ಕೈಯಾರೆ ಸಣ್ಣ ಬಾಂಬುಗಳನ್ನು ಕೆಳಗೆ ಹಾಕಿದ. ವಿಮಾನದಿಂದ ಬಾಂಬ್ ಬಿದ್ದ ಮೊದಲ ಯುದ್ಧ ಅದು. ಇವತ್ತು ರಾತ್ರಿ ಟಿವಿಯಲ್ಲಿ ನಾವು ತೋರಿಸುವ ವೈಮಾನಿಕ ದಾಳಿಗಳೆಲ್ಲ ಶುರುವಾಗಿದ್ದು ಅಲ್ಲಿಂದ. ಅದೇ ಹೊತ್ತಿಗೆ ಇನ್ನೊಂದು ಸಣ್ಣ ಯಂತ್ರವೂ ಸೈನಿಕರ ಕೈಗೆ ಬಂದಿತ್ತು. ಜೇಬಲ್ಲಿ ಹಿಡಿಯುವ ಕ್ಯಾಮೆರಾ. ಅಲ್ಲಿಯವರೆಗೆ ಯುದ್ಧದ ಫೋಟೋ ಅಂದ್ರೆ ಮೂರು ಕಾಲಿನ ಸ್ಟ್ಯಾಂಡು, ಕರಿ ಬಟ್ಟೆ, ವೃತ್ತಿಪರ ಫೋಟೋಗ್ರಾಫರ್. ಈಗ ಸಾಮಾನ್ಯ ಸಿಪಾಯಿಯೂ ಕ್ಲಿಕ್ ಮಾಡಬಹುದು. 1935ರ ಅಕ್ಟೋಬರ್ 3ರಂದು ಮುಸೊಲಿನಿ ಇಥಿಯೋಪಿಯಾ ಮೇಲೆ ದಂಡೆತ್ತಿ ಹೋಗುವ ಹೊತ್ತಿಗೆ ಕ್ಯಾಮೆರಾ ಇನ್ನೂ ಅಗ್ಗವಾಗಿತ್ತು. ಲಕ್ಷಾಂತರ ಜನ ಯುವಕರು ಹೋದರು. ಅವರಲ್ಲಿ ಹೆಚ್ಚಿನವರಿಗೆ ಅದು ಮೊದಲ ವಿದೇಶ ಪ್ರವಾಸ. ಪ್ರವಾಸಕ್ಕೆ ಹೋದವರು ಏನು ಮಾಡ್ತಾರೆ? ಫೋಟೋ ತೆಗೀತಾರೆ. ಮನೆಗೆ ಬಂದು ಆಲ್ಬಂಗೆ ಅಂಟಿಸ್ತಾರೆ.

ಈ ಆಲ್ಬಂಗಳನ್ನು ಓದೋದಕ್ಕೂ ಒಂದು ವಿದ್ಯೆ ಬೇಕು. ಸಂಗ್ರಾಹಕರಲ್ಲಿ ಒಳ್ಳೆಯವರು ಮೊದಲು ಫೋಟೋದ ಮುಖ ನೋಡಲ್ಲ, ಬೆನ್ನು ನೋಡ್ತಾರೆ. ಹಿಂದೆ ಸ್ಟುಡಿಯೋ ಮುದ್ರೆ ಇದೆಯಾ? ಕೈಬರಹ ಇದೆಯಾ? ಕಾಗದದ ಕಂಪನಿ ಯಾವುದು? ಅಂಚು ನೇರವಾ, ಅಲೆಅಲೆಯಾಗಿ ಕತ್ತರಿಸಿದ್ದಾ? ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪ್ರಿಂಟ್ ಆದ್ರೆ ಅದು ಬಹುಶಃ ಸೈನಿಕನೇ ತೆಗೆದದ್ದು. ಪೋಸ್ಟ್‌ಕಾರ್ಡ್ ಅಳತೆ, ಮೂಲೆಯಲ್ಲಿ ನಂಬರು ಇದ್ದರೆ ಅಂಗಡಿಯಲ್ಲಿ ಕೊಂಡದ್ದು. ಹೌದು, ಕೊಂಡದ್ದು! ಒಂದೇ ಚಿತ್ರ ಬೇರೆ ಬೇರೆ ಸೈನಿಕರ ಆಲ್ಬಂಗಳಲ್ಲಿ ಸಿಗೋದು ಇದಕ್ಕೇ. ಹೆಂಗಸರ ಚಿತ್ರ, ಕೊನೆಗೆ ನೇಣಿನ ಚಿತ್ರವನ್ನೂ ಪ್ರಿಂಟ್ ಹಾಕಿ ಹಂಚಿದ್ದಾರೆ, ಮಾರಿದ್ದಾರೆ, ಕೊಂಡಿದ್ದಾರೆ. ಜಾತ್ರೆಯಲ್ಲಿ ದೇವರ ಫೋಟೋ ಕೊಂಡ ಹಾಗೆ. ಇನ್ನು ಸರ್ಕಾರದ ಪಾಲು ಬೇರೆ. ಲುಚೆ ಅಂತ ಮುಸೊಲಿನಿ ಸರ್ಕಾರದ ಚಿತ್ರ ಸಂಸ್ಥೆ. 1924ರಲ್ಲಿ ಶುರುವಾಗಿದ್ದು. ಯುದ್ಧಭೂಮಿಗೇ ತಂಡ ಕಳಿಸಿ ಫೋಟೋ, ಸಿನಿಮಾ ತೆಗೆಸಿತು. ಅಲ್ಲಿ ರಸ್ತೆ ಕಟ್ಟುವ ಇಟಲಿ, ಔಷಧಿ ಕೊಡುವ ಇಟಲಿ, ಮಕ್ಕಳಿಗೆ ಬ್ರೆಡ್ ಹಂಚುವ ಇಟಲಿ ಮಾತ್ರ ಕಾಣುತ್ತೆ.

ಸರ್ಕಾರ ತೋರಿಸದ್ದನ್ನು ಸಿಪಾಯಿಯ ಜೇಬಿನ ಕ್ಯಾಮೆರಾ ತೋರಿಸಿತು. ಅವನೇನು ಅದನ್ನು ಬಯಲಿಗೆಳೆಯೋಕೆ ತೆಗೆದಿದ್ದಲ್ಲ. ಹೆಮ್ಮೆಗೆ ತೆಗೆದದ್ದು. ಹೆಮ್ಮೆ ಅಂದ್ಕೊಂಡಿದ್ದು ಮೊಮ್ಮಕ್ಕಳ ಕಾಲಕ್ಕೆ ಸಾಕ್ಷಿಯಾಯ್ತು.

ಒಂದು ಉದಾಹರಣೆ ಕೊಡ್ತೀನಿ. ಒಮರ್ ಅಲ್ ಮುಖ್ತಾರ್. ಲಿಬಿಯಾದಲ್ಲಿ ಕುರಾನ್ ಪಾಠ ಹೇಳುತ್ತಿದ್ದ ಮೇಷ್ಟ್ರು. ಇಟಲಿ ವಿರುದ್ಧ 20 ವರ್ಷ ಕಾದಾಡಿದವರು. ಅವರ ಹೋರಾಟ ಮುರಿಯೋಕೆ ಇಟಲಿ ಏನು ಮಾಡಿತು ಗೊತ್ತಾ? ಪೂರ್ವ ಲಿಬಿಯಾದ ಸುಮಾರು ಒಂದು ಲಕ್ಷ ಜನರನ್ನು ದನಕರುಗಳ ಸಮೇತ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ತುಂಬಿತು. ಹಸಿವು, ರೋಗಕ್ಕೆ ಹತ್ತಾರು ಸಾವಿರ ಜನ ಸತ್ತರು. 1931ರ ಸೆಪ್ಟೆಂಬರ್ 11ಕ್ಕೆ ಮುಖ್ತಾರ್ ಸೆರೆಸಿಕ್ಕರು. 16ಕ್ಕೆ ಗಲ್ಲು. ಶಿಬಿರದಲ್ಲಿದ್ದ ತಮ್ಮ ಜನರ ಕಣ್ಣೆದುರೇ. ವಯಸ್ಸು 70 ದಾಟಿತ್ತು. ಗಲ್ಲಿಗೆ ಮುಂಚೆ ಇಟಲಿಯ ಅಧಿಕಾರಿಗಳು ಸರಪಳಿ ಹಾಕಿದ ಆ ಮುದುಕರನ್ನು ನಡುವೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ಬೇಟೆಗಾರ ಹುಲಿ ಹೊಡೆದು ಪಕ್ಕದಲ್ಲಿ ನಿಲ್ಲುತ್ತಾನಲ್ಲ, ಹಾಗೆ.

ಆ ಫೋಟೋ ಏನಾಯ್ತು? 2009ರ ಜೂನ್‌ನಲ್ಲಿ ಲಿಬಿಯಾದ ಗಡಾಫಿ ಮೊದಲ ಬಾರಿ ಇಟಲಿಗೆ ಬಂದ. ರೋಮ್‌ನಲ್ಲಿ ವಿಮಾನದಿಂದ ಇಳಿದಾಗ ಅವನ ಸಮವಸ್ತ್ರದ ಎದೆ ಮೇಲೆ ಪದಕಗಳ ಪಕ್ಕ ಒಂದು ಫೋಟೋ. ಅದೇ ಫೋಟೋ. ಜೊತೆಯಲ್ಲಿ ಮುಖ್ತಾರ್ ಅವರ ವಯಸ್ಸಾದ ಮಗ. ಎದುರಿಗೆ ಸ್ವಾಗತಿಸೋಕೆ ನಿಂತಿದ್ದು ಪ್ರಧಾನಿ ಬರ್ಲುಸ್ಕೋನಿ. ಗಡಾಫಿ ದೊಡ್ಡ ಸಂತನೇನಲ್ಲ, ಅದು ನಿಮಗೂ ಗೊತ್ತು, ನನಗೂ ಗೊತ್ತು. ಆದ್ರೆ ಗೆದ್ದವನು ಜಂಭಕ್ಕೆ ತೆಗೆಸಿಕೊಂಡ ಫೋಟೋವನ್ನು ಸೋತವನ ಮಕ್ಕಳು 78 ವರ್ಷದ ನಂತರ ಗೆದ್ದವನ ಅಂಗಳಕ್ಕೇ ತಂದು ತೋರಿಸಿದ್ದು ಮಾತ್ರ ನಿಜ.

ಇನ್ನು ಇಥಿಯೋಪಿಯಾ. 1937ರ ಫೆಬ್ರವರಿ 19. ಅಡಿಸ್ ಅಬಾಬಾದಲ್ಲಿ ವೈಸ್‌ರಾಯ್ ಗ್ರಾತ್ಸಿಯಾನಿ ಮೇಲೆ ಬಾಂಬ್ ದಾಳಿ ಆಯ್ತು. ಅವನು ಗಾಯಗೊಂಡು ಬದುಕಿದ. ಆಮೇಲೆ ಮೂರು ದಿನ ಆ ಊರಿನಲ್ಲಿ ಆಗಿದ್ದನ್ನು ಓದೋದೇ ಕಷ್ಟ. ಮನೆಗಳಿಗೆ ಬೆಂಕಿ, ಸಿಕ್ಕಸಿಕ್ಕವರ ಹತ್ಯೆ. ಸತ್ತವರು 30,000 ಅನ್ನುತ್ತೆ ಇಥಿಯೋಪಿಯಾ. ಇತಿಹಾಸಕಾರ ಇಯಾನ್ ಕ್ಯಾಂಪ್‌ಬೆಲ್ ಲೆಕ್ಕದಲ್ಲಿ ಸುಮಾರು 19,000. ಲೆಕ್ಕದ ಬಗ್ಗೆ ಜಗಳ ಇರಬಹುದು, ಹೆಣಗಳ ಫೋಟೋ ಬಗ್ಗೆ ಇಲ್ಲ. ಗ್ರಾತ್ಸಿಯಾನಿಗೆ ಏನಾಯ್ತು? ಮಹಾಯುದ್ಧ ಮುಗಿದ ಮೇಲೆ ವಿಚಾರಣೆ ಆಯ್ತು. ಜರ್ಮನರ ಜೊತೆ ಕೈಜೋಡಿಸಿದ್ದಕ್ಕೆ 19 ವರ್ಷ ಶಿಕ್ಷೆಯೂ ಆಯ್ತು. ಕೆಲವೇ ತಿಂಗಳಲ್ಲಿ ಹೊರಗೆ ಬಂದ. ಆಫ್ರಿಕಾದಲ್ಲಿ ಮಾಡಿದ್ದಕ್ಕೆ? ಒಂದು ದಿನದ ಜೈಲೂ ಇಲ್ಲ. 2012ರಲ್ಲಿ ರೋಮ್ ಹತ್ತಿರದ ಅಫೀಲೆ ಅನ್ನೋ ಊರಲ್ಲಿ ಅವನಿಗೊಂದು ಸ್ಮಾರಕ ಬೇರೆ ಕಟ್ಟಿದರು!

ಹಾಗಾದ್ರೆ ಆಲ್ಬಂನಲ್ಲಿ ಎಲ್ಲ ಸತ್ಯವೂ ಇದೆಯಾ? ಇಲ್ಲ. ಇದನ್ನು ಸರಿಯಾಗಿ ಅರ್ಥ ಮಾಡ್ಕೊಳ್ಳಿ.

ಆ ಯುದ್ಧದಲ್ಲಿ ಇಟಲಿ ಮಸ್ಟರ್ಡ್ ಗ್ಯಾಸ್ ಹಾಕಿತು. ವಿಷಾನಿಲ ಬಳಸಲ್ಲ ಅಂತ 1925ರ ಜಿನೀವಾ ಒಪ್ಪಂದಕ್ಕೆ ಒಪ್ಪಿಕೊಂಡಿದ್ದ ದೇಶ ಅದು. 1936ರ ಜೂನ್ 30ರಂದು ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದಲ್ಲಿ ರಾಷ್ಟ್ರಸಂಘದ ಮುಂದೆ ನಿಂತು ಇದನ್ನೇ ಹೇಳಿದರು. ಇಟಲಿಯ ಪತ್ರಕರ್ತರು ಸಿಳ್ಳೆ ಹೊಡೆದು ಗಲಾಟೆ ಎಬ್ಬಿಸಿದರು. ಪತ್ರಕರ್ತರು! ನಮ್ಮ ಜಾತಿಯವರು!

ಇಟಲಿಯ ಅತಿ ದೊಡ್ಡ ಪತ್ರಕರ್ತರಲ್ಲಿ ಒಬ್ಬ ಇಂದ್ರೊ ಮೊಂತನೆಲ್ಲಿ. ಯುವಕನಾಗಿದ್ದಾಗ ಅದೇ ಯುದ್ಧದಲ್ಲಿ ಅಧಿಕಾರಿಯಾಗಿದ್ದವರು. ಅವರು ದಶಕಗಟ್ಟಲೆ ಹೇಳುತ್ತಾ ಬಂದಿದ್ದು ಒಂದೇ ಮಾತು: ನಾನು ಅಲ್ಲೇ ಇದ್ದೆ, ಗ್ಯಾಸ್ ನಾನು ಕಂಡಿಲ್ಲ. ಇತಿಹಾಸಕಾರ ಆಂಜೆಲೊ ದೆಲ್ ಬೊಕಾ ದಾಖಲೆ ಹಿಡಿದು ವಾದಿಸುತ್ತಲೇ ಹೋದರು. ಬೈಗುಳ ತಿಂದರು. ಕೊನೆಗೆ 1996ರಲ್ಲಿ ಇಟಲಿಯ ರಕ್ಷಣಾ ಸಚಿವರೇ ಗ್ಯಾಸ್ ಬಳಸಿದ್ದು ನಿಜ ಅಂತ ಒಪ್ಪಿಕೊಂಡರು. ಮೊಂತನೆಲ್ಲಿ ದೆಲ್ ಬೊಕಾ ಅವರ ಕ್ಷಮೆ ಕೇಳಿದರು. "ನಾನು ಅಲ್ಲೇ ಇದ್ದೆ" ಅನ್ನುವುದೂ ಸುಳ್ಳಾಗಬಹುದು, ನೋಡಿ. ವರದಿಗಾರರು ದಿನಾ ನೆನಪಿಟ್ಟುಕೊಳ್ಳಬೇಕಾದ ಪಾಠ ಇದು. ಸಿಪಾಯಿ ತನ್ನ ಕ್ಯಾಮೆರಾದ ಎದುರು ಇದ್ದದ್ದನ್ನು ತೆಗೆದ. ಬೆಟ್ಟದ ಆಚೆ ವಿಮಾನ ಏನು ಸುರಿಯಿತು ಅನ್ನೋದು ಆಲ್ಬಂಗೆ ಬರಲ್ಲ. ಅದಕ್ಕೆ ಕಚೇರಿಯ ಕಡತ ಬೇಕು, ಬದುಕಿ ಉಳಿದವರ ಬಾಯಿಮಾತು ಬೇಕು.

ಇನ್ನೊಂದು ವಿಷಯ. ಆಲ್ಬಂಗಳ ತುಂಬ ಹೆಂಗಸರ ಫೋಟೋ ಇರುತ್ತೆ. ಕೆಳಗೆ ಹೆಸರಿರಲ್ಲ. ಇದೇ ಮೊಂತನೆಲ್ಲಿ 1969ರಲ್ಲಿ ಟಿವಿ ಕಾರ್ಯಕ್ರಮದಲ್ಲಿ ಕೂತು, ಆಫ್ರಿಕಾದಲ್ಲಿದ್ದಾಗ 12ರ ಹುಡುಗಿಯೊಬ್ಬಳನ್ನು ಕೊಂಡುಕೊಂಡು ಮದುವೆಯಾಗಿದ್ದೆ ಅಂತ ನಿರಾಳವಾಗಿ ಹೇಳಿದರು. ಸಭಿಕರ ಸಾಲಿನಲ್ಲಿದ್ದ ಎಲ್ವಿರಾ ಬನೋತ್ತಿ ಎಂಬ ಪತ್ರಕರ್ತೆ ಸುಮ್ಮನಿರಲಿಲ್ಲ. ಯುರೋಪಿನಲ್ಲಿ ಇದೇ ಕೆಲಸ ಮಾಡಿದ್ದರೆ ಇದಕ್ಕೆ ಅತ್ಯಾಚಾರ ಅನ್ನುತ್ತಿದ್ದರು, ಆಫ್ರಿಕಾದ ಹುಡುಗಿಗೆ ಬೇರೆ ನ್ಯಾಯವಾ ಅಂತ ಮುಖಕ್ಕೇ ಕೇಳಿದರು. ಐವತ್ತು ವರ್ಷದ ನಂತರ, 2019 ಮತ್ತು 2020ರಲ್ಲಿ, ಮಿಲಾನ್‌ನಲ್ಲಿರುವ ಮೊಂತನೆಲ್ಲಿ ಪ್ರತಿಮೆಗೆ ಯುವಕರು ಬಣ್ಣ ಸುರಿದರು. ಬನೋತ್ತಿ ಕೇಳಿದ ಪ್ರಶ್ನೆ ಅಲ್ಲಿಯವರೆಗೂ ಹಾಗೇ ಇತ್ತು. ಆಲ್ಬಂಗಳಲ್ಲಿ ಹೆಸರಿಲ್ಲದೆ ನಿಂತಿರುವ ಹುಡುಗಿಯರಲ್ಲಿ ಎಷ್ಟು ಜನರ ಕಥೆ ಇದು? ಆ ಫೋಟೋವನ್ನು "ವಿಂಟೇಜ್" ಅಂತ ಕೊಂಡು ಗೋಡೆಗೆ ತೂಗುಹಾಕುವವನು ಏನನ್ನು ತೂಗುಹಾಕುತ್ತಿದ್ದಾನೆ?

"ಅದೆಲ್ಲ ಅವರ ಪಾಪ, ನಮಗೇನು ಸಾರ್?" ಅಂತ ನೀವು ಕೇಳಬಹುದು. ನಮಗೂ ಇದೆ. 1936ರ ಮಾರ್ಚ್‌ನಲ್ಲಿ ಜವಾಹರಲಾಲ್ ನೆಹರೂ ಹೆಂಡತಿಯನ್ನು ಸ್ವಿಟ್ಜರ್ಲೆಂಡಿನಲ್ಲಿ ಕಳೆದುಕೊಂಡು ಭಾರತಕ್ಕೆ ಮರಳುತ್ತಿದ್ದರು. ವಿಮಾನ ರೋಮ್‌ನಲ್ಲಿ ಇಳಿಯಬೇಕು. ಮುಸೊಲಿನಿ ಭೇಟಿಗೆ ಕರೆದ. ಇಥಿಯೋಪಿಯಾದಲ್ಲಿ ರಕ್ತ ಹರಿಯುತ್ತಿದ್ದ ಹೊತ್ತು. ಆ ಭೇಟಿಯನ್ನು ಪ್ರಚಾರಕ್ಕೆ ಬಳಸಿಕೊಳ್ತಾರೆ ಅಂತ ನೆಹರೂಗೆ ಗೊತ್ತಿತ್ತು. ಅಧಿಕಾರಿ ಬಂದು ಒತ್ತಾಯ ಮಾಡಿದರೂ ಒಪ್ಪಲಿಲ್ಲ. ನೆಹರೂ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಬೇಡದ ಫೋಟೋದಿಂದ ದೂರ ಇರೋಕೂ ಗಟ್ಟಿತನ ಬೇಕು.

ಮುಂದೆ 1941. ಎರಿಟ್ರಿಯಾದ ಕೆರೆನ್ ಎಂಬ ಬೆಟ್ಟದೂರು. ಫೆಬ್ರವರಿಯಿಂದ ಮಾರ್ಚ್ 27ರವರೆಗೆ ಘೋರ ಕಾಳಗ. ಇಟಲಿಯನ್ನು ಅಲ್ಲಿಂದ ಓಡಿಸಿದ ಸೈನ್ಯದಲ್ಲಿ ಭಾರತದ 4ನೇ ಮತ್ತು 5ನೇ ಡಿವಿಷನ್‌ಗಳಿದ್ದವು. ಸುಬೇದಾರ್ ರಿಚ್‌ಪಾಲ್ ರಾಮ್ ಅಲ್ಲಿ ಪ್ರಾಣ ಕೊಟ್ಟರು, ಮರಣೋತ್ತರ ವಿಕ್ಟೋರಿಯಾ ಕ್ರಾಸ್ ಬಂತು. ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೂಡ ಆ ರಣರಂಗದಲ್ಲಿತ್ತು. ಎದುರಿಗೆ ಇದ್ದವರು ಬರೀ ಇಟಲಿಯವರಾ? ಅಲ್ಲ. ಇಟಲಿಗಾಗಿ ಬಂದೂಕು ಹಿಡಿದ ಎರಿಟ್ರಿಯಾದ ಅಸ್ಕರಿಗಳು. ಬ್ರಿಟಿಷರ ಸಂಬಳಕ್ಕೆ ನಮ್ಮವರು, ಇಟಲಿ ಸಂಬಳಕ್ಕೆ ಅವರು. ಆಳುವವರ ಜಗಳದಲ್ಲಿ ಆಳುಗಳು ಸತ್ತರು. ಕೆರೆನ್‌ನಲ್ಲಿ ಇವತ್ತಿಗೂ ನಮ್ಮ ಹಿಂದೂ, ಸಿಖ್ ಸೈನಿಕರ ದಹನ ಸ್ಮಾರಕ ಇದೆ. ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯವರನ್ನು ಬ್ರಿಟಿಷರು ಸಾವಿರಾರು ಸಂಖ್ಯೆಯಲ್ಲಿ ಭಾರತಕ್ಕೆ ತಂದರು. ಬೆಂಗಳೂರಿನ ಜಾಲಹಳ್ಳಿ ಕಡೆ ಅವರ ಶಿಬಿರಗಳಿದ್ದವು. ಬಿಎಂಟಿಸಿ ಬಸ್ಸಿನಲ್ಲಿ ಜಾಲಹಳ್ಳಿ ದಾಟುವಾಗ ಯಾರಿಗಾದರೂ ಇದು ನೆನಪಾಗುತ್ತಾ?

ಈಗ ನನ್ನದೇ ಒಂದು ಮಾತು ಹೇಳಬೇಕು.

ಸುಮಾರು ವರ್ಷಗಳ ಹಿಂದೆ, ರಾತ್ರಿ ಒಂಬತ್ತರ ಬುಲೆಟಿನ್. ಹೆದ್ದಾರಿಯಲ್ಲಿ ಅಪಘಾತ. ಯಾರೋ ಮೊಬೈಲಲ್ಲಿ ತೆಗೆದ ದೃಶ್ಯ ಬಂತು. ಬ್ಲರ್ ಮಾಡೋಕೆ ಸಮಯ ಇಲ್ಲ ಅಂದ್ರು. ನಿಲ್ಲಿಸಿ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಹಾಗೇ ಹೋಯ್ತು. ಮರುದಿನ ಫೋನ್ ಬಂತು. ತೀರಿಕೊಂಡವರ ಮಗಳು. ಬೈಯುತ್ತಾಳೆ ಅಂದ್ಕೊಂಡೆ. ಬೈಯಲಿಲ್ಲ. "ಸಾರ್, ಅಪ್ಪನ ಒಳ್ಳೇ ಫೋಟೋ ಮನೇಲಿತ್ತು. ಕೇಳಿದ್ರೆ ಕೊಡ್ತಿದ್ವಿ" ಅಂದಳು. ಅಷ್ಟೇ. ಫೋನ್ ಇಟ್ಟಳು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಪೋರ್ತಾ ಪೋರ್ತೇಸೆಯಲ್ಲಿ ನೇಣುಗಂಬದ ಫೋಟೋಗೆ ಜಾಸ್ತಿ ರೇಟು ಹೇಳಿದ ಆ ವ್ಯಾಪಾರಿಯನ್ನು ನೋಡಿ ನನಗೆ ಹೇಸಿಗೆ ಆಯ್ತು ಅಂದೆನಲ್ಲ. ಕಾಫಿ ಕುಡಿಯುತ್ತಾ ಕೂತಾಗ ಹೊಳೆದದ್ದು ಇದು: ನಮ್ಮ ಟಿಆರ್‌ಪಿ ಲೆಕ್ಕವೂ ಅದೇ ಅಲ್ವಾ? ಬೆಟ್ಟ ಗುಡ್ಡಕ್ಕೆ ಚಿಲ್ಲರೆ, ಹೆಣಕ್ಕೆ ದುಡ್ಡು. ಅವನು ಸಂತೆಯಲ್ಲಿ ಕೂತಿದ್ದ, ನಾನು ಸ್ಟುಡಿಯೋದಲ್ಲಿ ಕೂತಿದ್ದೆ.

ವಾಪಸ್ ಹೋದೆ. ಒಂದು ಗಂಟೆಯೂ ಆಗಿರಲಿಲ್ಲ. ಆಲ್ಬಂ ಅಲ್ಲೇ ಇತ್ತು. ಆದ್ರೆ ಒಂದು ಪುಟ ಖಾಲಿ. ಫೋಟೋ ಹಿಡಿದಿದ್ದ ನಾಲ್ಕು ಮೂಲೆಯ ಕಾಗದಗಳು ಮಾತ್ರ ಉಳಿದಿದ್ದವು. ಕೆಳಗೆ ಮಸಿಯಲ್ಲಿ ಬರೆದ ಸಾಲು ಹಾಗೇ ಇತ್ತು: ಗೊಂದರ್, 1937. ಯಾರೋ ಬಂದು ನೇಣುಗಂಬವನ್ನು ಕೊಂಡು ಹೋಗಿದ್ದರು.

ಏನಾಯ್ತು ನೋಡಿ. ಫೋಟೋ ಒಂದು ಕಡೆ ಹೋಯ್ತು, ಅದರ ಊರು, ಇಸವಿ ಇನ್ನೊಂದು ಕಡೆ ಉಳೀತು. ಇನ್ನು ಆ ಮೂರು ಹೆಣಗಳಿಗೆ ಊರಿಲ್ಲ, ಕಾಲ ಇಲ್ಲ. ಯಾವುದೋ ಗೋಡೆಯ ಮೇಲಿನ ಅನಾಮಿಕ ಕ್ರೌರ್ಯ ಅಷ್ಟೇ. ಒಮ್ಮೆ ನೇಣು ಹಾಕಿದವರು ಕೊಂದರು. ಪುಟ ಕಿತ್ತು ಮಾರಿದವನು ಅವರ ಗುರುತನ್ನೂ ತೆಗೆದ. ನಾನು ಹೇಸಿಗೆ ಪಟ್ಟುಕೊಂಡು ಎದ್ದು ಹೋಗದೇ ಇದ್ದಿದ್ದರೆ? ನನ್ನ ಮಡಿವಂತಿಕೆಯಿಂದ ಯಾರಿಗೇನು ಉಪಕಾರವಾಯ್ತು?

ಅವತ್ತಿನಿಂದ ಸಂಗ್ರಾಹಕರ ಬಗ್ಗೆ ನನ್ನ ಅಭಿಪ್ರಾಯ ಬದಲಾಯ್ತು. ಅವರಲ್ಲಿ ಎರಡು ಥರ. ಒಬ್ಬ ಬೇಕಾದ್ದನ್ನು ಕಿತ್ತುಕೊಂಡು ಮಿಕ್ಕಿದ್ದನ್ನು ಎಸೆಯುವವನು. ಇನ್ನೊಬ್ಬ ಇಡೀ ಆಲ್ಬಂ ಕೊಂಡು, ಒಂದು ಪುಟವೂ ಅಲುಗದಂತೆ ಇಟ್ಟು, ಸಂಶೋಧಕರು ಕೇಳಿದರೆ ಬಿಚ್ಚಿ ತೋರಿಸುವವನು. ಊಟದ ಫೋಟೋ, ಒಂಟೆಯ ಫೋಟೋ, ನೇಣಿನ ಫೋಟೋ ಒಟ್ಟಿಗೇ ಇದ್ದಾಗ ಮಾತ್ರ ನಿಜವಾದ ಭಯಾನಕ ಸತ್ಯ ಕಾಣೋದು. ಆ ಕೆಲಸ ಮಾಡಿದವನು ರಾಕ್ಷಸನಲ್ಲ. ಅಮ್ಮನಿಗೆ ಕಾಗದ ಬರೆಯುತ್ತಿದ್ದ, ಒಂಟೆ ಕಂಡು ಖುಷಿಪಟ್ಟ, ಮಾಮೂಲಿ ಹುಡುಗ. ರಾಕ್ಷಸನಾಗಿದ್ದರೆ ನಮಗೆ ಚಿಂತೆ ಇರಲಿಲ್ಲ.

ಮಿಕ್ಕ ಆಲ್ಬಂ ನಾನು ಕೊಂಡೆ. ಖಾಲಿ ಪುಟದ ಸಮೇತ. ಈಗ ನನ್ನ ಕಪಾಟಿನಲ್ಲಿದೆ. ಅದನ್ನು ಯಾವತ್ತೂ ಟಿವಿಯಲ್ಲಿ ತೋರಿಸಿಲ್ಲ. ಅದು ಕೊನೆಗೆ ಸೇರಬೇಕಾದ್ದು ನನ್ನ ಮನೆಗಲ್ಲ, ಆ ಜನರ ಊರಿಗೆ. ಗೊಂದರ್ ಹತ್ತಿರದ ಯಾವುದೋ ಹಳ್ಳಿಯಲ್ಲಿ, ಅಲ್ಲಿರುವ ಬೆಟ್ಟದ ಗುರುತು ಹಿಡಿಯುವ ಒಬ್ಬ ಮುದುಕನಾದರೂ ಇರಬಹುದು. ಇಟಲಿ 1937ರಲ್ಲಿ ಅಕ್ಸುಮ್‌ನಿಂದ ಹೊತ್ತೊಯ್ದಿದ್ದ ಬೃಹತ್ ಶಿಲಾಸ್ತಂಭವನ್ನೇ 2005ರಲ್ಲಿ ಇಥಿಯೋಪಿಯಾಕ್ಕೆ ವಾಪಸ್ ಕೊಟ್ಟಿತು. ಅಷ್ಟು ದೊಡ್ಡ ಕಲ್ಲು ವಿಮಾನ ಹತ್ತಿ ಹೋಯ್ತು ಅಂದ ಮೇಲೆ ಒಂದು ಆಲ್ಬಂ ಹೋಗಲಾರದಾ? ಆ ದಾರಿ ಹುಡುಕುತ್ತಿದ್ದೇನೆ.

ನಿಮ್ಮಲ್ಲೂ ಒಂದು ಕೋರಿಕೆ. ಕೊಡಗಿನಲ್ಲೋ, ಬೆಳಗಾವಿಯಲ್ಲೋ, ಹಾಸನದಲ್ಲೋ ನಿಮ್ಮ ತಾತ, ಮುತ್ತಾತ ಮಿಲಿಟರಿಯಲ್ಲಿದ್ದರೆ ಮನೆಯಲ್ಲಿ ಹಳೇ ಫೋಟೋ ಇರಬಹುದು. ಗುಜರಿಗೆ ಹಾಕಬೇಡಿ. ಆಲ್ಬಂನಿಂದ ಕೀಳಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಯಾರು, ಯಾವೂರು, ಯಾವ ವರ್ಷ ಅಂತ ಕೇಳಿ. ಪೆನ್ನಲ್ಲಿ ಬೇಡ, ಮೆತ್ತನೆ ಪೆನ್ಸಿಲ್‌ನಲ್ಲಿ ಬರೆದಿಡಿ. ಮೊಬೈಲಲ್ಲಿ ಒಂದೊಂದು ಪುಟವನ್ನೂ ಪೂರ್ತಿ ತೆಗೆದಿಟ್ಟುಕೊಳ್ಳಿ. ನಿಮಗೆ ಇಷ್ಟವಾಗದ ಫೋಟೋ ಸಿಕ್ಕಿದರೂ ಅದನ್ನು ತೆಗೆಯಬೇಡಿ. ಅದೇ ಮುಖ್ಯವಾದದ್ದು ಇರಬಹುದು.

ಅಜ್ಜನನ್ನು ಪ್ರೀತಿಸೋದು ತಪ್ಪಲ್ಲ. ಅದಕ್ಕಾಗಿ ಐದನೇ ಪುಟ ಹರಿಯಬೇಡಿ.